ಕಲಿಸುವವರು ಮೊದಲು, ಕಟ್ಟಡ ಆಮೇಲೆ
(ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ನಾವು ಕಲಿಯಬೇಕಾದ ಪಾಠ)





ಗಡಿಯಾಚೆಯ ನಮ್ಮ ಊರುಗಳಲ್ಲಿ ಹಿರಿಯರು ಕೂಡಿದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ. ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಇಂಗ್ಲಿಷನ್ನೋ ಓದುತ್ತಾರೆ; ಮನೆಯಲ್ಲಿ ಆಡುವ ಕನ್ನಡ ಹೊಸ್ತಿಲು ದಾಟುವುದಿಲ್ಲ; ಭಜನೆಯಲ್ಲಿ ಕೂಡ್ರುವ ಹುಡುಗರಿಲ್ಲ; ತಬಲಾ ಬಾರಿಸುವ ಅಜ್ಜನ ಹಿಂದೆ ಕೈ ಹಿಡಿಯುವವರಿಲ್ಲ. ಇದಕ್ಕೊಂದು ದಾರಿಯಾಗಬೇಕು, ಊರಲ್ಲಿ ಒಂದು ಕಲಾ ಶಾಲೆ ಆಗಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಅಲ್ಲಿಂದ ಮುಂದೆ ಮಾತು ಜಾಗದ ಕಡೆಗೆ ಹೊರಳುತ್ತದೆ. ಎಷ್ಟು ಗುಂಟೆ, ಎಷ್ಟು ಕೋಣೆ, ಮೇಲೆ ಸ್ಲ್ಯಾಬೋ ತಗಡೋ, ಕಲ್ಲಿನ ಮೇಲೆ ಯಾರ ಯಾರ ಹೆಸರು. ಕಲಿಸುವವರು ಯಾರು, ಅವರ ಊಟ ವಸತಿ ಸಂಬಳ ಹೇಗೆ ಎಂಬ ಮಾತು ಕೊನೆಗೆ ಬರುತ್ತದೆ. ಎಷ್ಟೋ ಕಡೆ ಬರುವುದೇ ಇಲ್ಲ.

ಆದ್ದರಿಂದ ಈ ಸಲದ ಪಾಠಕ್ಕೆ ನಾವು ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವನ್ನು ಆರಿಸಿಕೊಂಡಿದ್ದೇವೆ. ನಮ್ಮಲ್ಲಿ ಬಹಳ ಜನ ಅಲ್ಲಿಗೆ ಹೋಗಿ ಬಂದವರು. 1995ರಲ್ಲಿ ತೆರೆಕಂಡ ಗವಾಯಿಗಳ ಚಲನಚಿತ್ರ ನೋಡಿ ಕಣ್ಣೀರು ಹಾಕಿದವರೂ ಇದ್ದೀರಿ. ಅವರ ಮಹಿಮೆಯನ್ನು ನಾವು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಒಂದು ಕಲಾ ಸಂಸ್ಥೆಯಾಗಿ ಅದು ಹೇಗೆ ನಿಂತಿತು, ಅಲ್ಲಿ ಕಲಿಸುವವರು ಎಲ್ಲಿಂದ ಬಂದರು, ಅವರ ಅನ್ನ ಎಲ್ಲಿಂದ ಬಂತು ಎಂಬುದನ್ನು ಲೆಕ್ಕ ಇಟ್ಟು ನೋಡುವುದು ನಮಗೆ ಅವಶ್ಯ.

ಒಂದು: ಗುರುವನ್ನು ಮೊದಲು ತಯಾರು ಮಾಡಿದರು

ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು (1867–1930) 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಅಣ್ಣತಮ್ಮಂದಿರು ಅವರ ಕಣ್ಣಿಗೆ ಬಿದ್ದರು. ಇಬ್ಬರೂ ಅಂಧರು, ಇಬ್ಬರಿಗೂ ಕಂಠ ಚೆನ್ನಾಗಿತ್ತು. ಕಿರಿಯವನ ಹೆಸರು ಗದಿಗೆಯ್ಯ, 1892ರಲ್ಲಿ ಹುಟ್ಟಿದವನು. ಇವನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದದ್ದು.

ಆ ಕಾಲದಲ್ಲಿ ಕಣ್ಣಿಲ್ಲದ ಬಡ ಹುಡುಗನಿಗೆ ಇದ್ದ ದಾರಿ ಒಂದೇ: ಜಾತ್ರೆಯಲ್ಲಿ ಹಾಡಿ ಕೈಯೊಡ್ಡುವುದು. ಶಿವಯೋಗಿಗಳು ಅವನಿಗೆ ನಾಲ್ಕು ಕಾಸು ಕೊಟ್ಟು ಕಳಿಸಲಿಲ್ಲ, ಕಲಿಸುವವರನ್ನು ಹುಡುಕಿ ಕೊಟ್ಟರು. ಮೊದಲು ಕರ್ನಾಟಕ ಸಂಗೀತದ ಪಾಠವಾಯಿತು. ಅದರ ಅಭ್ಯಾಸಕ್ಕಾಗಿ ಮೈಸೂರಿಗೂ ಕಳಿಸಿದರು. ಆಮೇಲೆ ಹಿಂದುಸ್ತಾನಿ ಸಂಗೀತಕ್ಕೆ ಮಿರಜಿನ ನೀಲಕಂಠಬುವಾ ಅವರನ್ನೇ ಶಿವಯೋಗಮಂದಿರಕ್ಕೆ ಕರೆಸಿಕೊಂಡರು. ಬುವಾ ಅವರು ಗ್ವಾಲಿಯರ ಘರಾಣೆಯವರು, ಬಾಲಕೃಷ್ಣಬುವಾ ಇಚಲಕರಂಜಿಕರ ಅವರ ಶಿಷ್ಯರು. ಮಲ್ಲಿಕಾರ್ಜುನ ಮನಸೂರ ಅವರಿಗೂ ಮಿರಜಿನಲ್ಲಿ ಪಾಠ ಹೇಳಿದವರು ಇವರೇ. ಹೀಗೆ ಎರಡೂ ಪದ್ಧತಿಗಳಲ್ಲಿ ನುರಿತದ್ದರಿಂದ ಪಂಚಾಕ್ಷರ ಗವಾಯಿಗಳಿಗೆ 'ಉಭಯ ಗಾನ ವಿಶಾರದ' ಎಂಬ ಬಿರುದು ಸಂದಿತು.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಒಬ್ಬ ಹುಡುಗನಿಗಾಗಿ ವರ್ಷಗಟ್ಟಲೆ ಖರ್ಚು ಮಾಡಿದರು. ಅಂದಿನ ಲೆಕ್ಕದ ಪುಸ್ತಕದಲ್ಲಿ ಅದರ ಎದುರು ತೋರಿಸಲು ಒಂದು ಕಂಬವೂ ಇರಲಿಲ್ಲ, ಒಂದು ಬಾಗಿಲೂ ಇರಲಿಲ್ಲ. ಆದರೆ ಆ ಒಬ್ಬನಿಂದ ಮುಂದೆ ಎಷ್ಟು ಜನ ಹಾಡುವವರು, ಬಾರಿಸುವವರು, ಕಲಿಸುವವರು ಹುಟ್ಟಿದರು ಎಂಬುದನ್ನು ಇಂದು ಯಾರೂ ಎಣಿಸಿ ಮುಗಿಸಲಾರರು.

ಎರಡು: ಶಾಲೆ ನಡೆದಾಡಿತು

ಪುಣ್ಯಾಶ್ರಮದ ಹುಟ್ಟು 1914ರದು. ಆದರೆ ಬಹಳ ವರ್ಷ ಅದು ಒಂದು ಊರಿನಲ್ಲಿ ನಿಂತ ಶಾಲೆಯಾಗಿರಲಿಲ್ಲ, ಸಂಚಾರಿ ಪಾಠಶಾಲೆಯಾಗಿತ್ತು. ಗವಾಯಿಗಳು ಎಲ್ಲಿ ಇಳಿದರೋ ಅಲ್ಲಿ ಶಾಲೆ. ಮಠದ ಪಡಸಾಲೆಯಿರಲಿ, ಗುಡಿಯ ಕಟ್ಟೆಯಿರಲಿ, ಭಕ್ತರ ಮನೆಯಿರಲಿ, ಜೊತೆಗಿದ್ದ ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಬೆಳಗಿನ ಪಾಠ ತಪ್ಪುತ್ತಿರಲಿಲ್ಲ. ಮುಂದೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ನೆಲೆ ಕಲ್ಪಿಸಿಕೊಟ್ಟರು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ದಾನಿಯ ಹೆಸರು ಉಳಿದಿದೆ, ಉಳಿಯಬೇಕಾದದ್ದೇ. ಆದರೆ ಆ ಹೆಸರು ಹೊತ್ತು ನಿಲ್ಲಲು ಒಳಗೆ ಶಾಲೆ ಆಗಲೇ ತಯಾರಿತ್ತು ಎಂಬುದನ್ನು ಮರೆಯಬಾರದು.

ಸಂಗೀತದ ವಿದ್ಯೆಗೆ ಮೊದಲಿಗೆ ಬೇಕಾದದ್ದು ಏನು? ಹೇಳಿಕೊಡುವ ಬಾಯಿ, ಕೇಳುವ ಕಿವಿ, ಸುರ ಹಿಡಿದ ಒಂದು ತಂಬೂರಿ. ಸೂರ್ಯ ಮೂಡುವ ಮೊದಲು ಎದ್ದು ಮಂದ್ರದ ಷಡ್ಜವನ್ನು ಉಸಿರು ಇರುವಷ್ಟು ಹೊತ್ತು ಹಿಡಿಯುವುದು, ಆಮೇಲೆ ಪಲ್ಟಾಗಳು, ಗುರು ಒಮ್ಮೆ ಹಾಡಿದ್ದನ್ನು ಶಿಷ್ಯ ಹತ್ತು ಸಲ ತಿರುಗಿ ಹಾಡುವುದು. ತಬಲಾ ಕಲಿಯುವವನು ಬೋಲುಗಳನ್ನು ಮೊದಲು ಬಾಯಿಂದ ಹೇಳಿ, ಕೈಯಿಂದ ತಾಳ ಹಾಕಿ, ಅನಂತರ ವಾದ್ಯ ಮುಟ್ಟುವುದು. ಈ ಪದ್ಧತಿಯಲ್ಲಿ ಪುಸ್ತಕದ ಅವಲಂಬನೆ ಕಡಿಮೆ, ಆದ್ದರಿಂದ ಕಣ್ಣಿಲ್ಲದ ಮಗು ಕಣ್ಣಿದ್ದ ಮಗುವಿಗೆ ಸರಿಸಮನಾಗಿ ಕೂಡ್ರಬಲ್ಲದು. ಗುರುವೂ ಅಂಧರೇ ಆಗಿದ್ದುದರಿಂದ ಯಾವ ತೊಡಕು ಎಲ್ಲಿ ಬರುತ್ತದೆಂಬುದು ಅವರಿಗೆ ತಮ್ಮ ಮೈಮೇಲೆ ಗೊತ್ತಿತ್ತು.

ಮೂರು: ಗುರುವಿಗೆ ಗಡಿಯಿಲ್ಲ, ಜಾತಿಯಿಲ್ಲ

ಗವಾಯಿಗಳು ತಾವು ಕಲಿತದ್ದೇ ಸಾಕೆಂದು ಕೂಡ್ರಲಿಲ್ಲ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಸಾಹೇಬರನ್ನು ಗದಗಿಗೆ ಬರಮಾಡಿಕೊಂಡು ಅವರಿಂದ ಆ ಗಾಯಕಿಯನ್ನೂ ಸಂಪಾದಿಸಿದರು. ಖಾನ್ ಸಾಹೇಬರ ಕಿವಿ ಮಂದವೆಂದು ಸಂಗೀತ ಲೋಕದಲ್ಲೆಲ್ಲ ಪ್ರಸಿದ್ಧಿ. ಕಿವಿ ಮಂದವಾದ ಗುರು, ಕಣ್ಣಿಲ್ಲದ ಶಿಷ್ಯ. ಆದರೂ ಸುರದ ಸೂಕ್ಷ್ಮದಲ್ಲಿ ಇಬ್ಬರೂ ರಾಜಿ ಮಾಡಿಕೊಳ್ಳದವರು. ಒಬ್ಬರು ಉತ್ತರದಿಂದ ಬಂದ ಮುಸಲ್ಮಾನ ಉಸ್ತಾದರು, ಮತ್ತೊಬ್ಬರು ನಮ್ಮ ಹಾನಗಲ್ಲ ಸೀಮೆಯ ಜಂಗಮರು. ಗವಾಯಿಗಳ ಶಿಷ್ಯರಲ್ಲಿ ಬಸವರಾಜ ರಾಜಗುರು, ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿ, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರಿದ್ದರು. ಆಶ್ರಮದ ಬಾಗಿಲಲ್ಲಿ ಮಗುವಿನ ಜಾತಿ ಕೇಳುವ ಪದ್ಧತಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಗಡಿನಾಡಿನ ನಮಗೆ ಇದರಿಂದ ಒಂದು ಧೈರ್ಯ ಬರಬೇಕು. ಕಲಿಸುವವರು ಮರಾಠಿ ಮಾತಾಡುತ್ತಾರೆ, ತೆಲುಗು ಮಾತಾಡುತ್ತಾರೆ ಎಂದು ಹಿಂಜರಿಯಬೇಕಾಗಿಲ್ಲ. ಮಿರಜಿನಿಂದ ವಿದ್ಯೆ ತಂದು ಕನ್ನಡದಲ್ಲಿ ಬಿತ್ತಿದವರ ಸಂತಾನ ನಾವು. ಗುರುವಿನ ಭಾಷೆ ಯಾವುದಿದ್ದರೂ ಮಗು ಹಾಡುವ ಪದ ಕನ್ನಡದ್ದಾದರೆ, ಕನ್ನಡ ಅದರ ನಾಲಿಗೆಗೆ ತಾನಾಗಿ ಬರುತ್ತದೆ.

ನಾಲ್ಕು: ತಂಬೂರಿ ಮಾಡುವ ಕೈಯೂ ಗುರುವೇ

ಮಿರಜಿನ ಮಾತು ಬಂತು. ಜತ್ತ, ಸೊಲ್ಲಾಪುರ, ಅಕ್ಕಲಕೋಟೆಯ ಭಕ್ತರಿಗೆ ಆ ಊರು ದೂರವಲ್ಲ. ಗದಗಿನಂಥ ಸಂಗೀತ ಶಾಲೆಯಲ್ಲಿ ಹಾಡುವವರ ಹಿಂದೆ ಮಿಡಿಯುವ ತಂಬೂರಿಗೆ ನಮ್ಮ ಸೀಮೆಯಲ್ಲಿ ಮಿರಜೇ ತವರು. ಹತ್ತೊಂಬತ್ತನೆಯ ಶತಮಾನದಲ್ಲಿ ಪಟವರ್ಧನ ಸಂಸ್ಥಾನಿಕರ ಕಾಲಕ್ಕೆ ಅಲ್ಲಿ ಕತ್ತಿ ಮುಂತಾದ ಆಯುಧಗಳನ್ನು ಮಾಡುತ್ತಿದ್ದ ಶಿಕಲಗಾರ ಮನೆತನದವರು, ಆ ಕಸುಬಿಗೆ ಗಿರಾಕಿ ಕಡಿಮೆಯಾದಾಗ ಸಿತಾರ, ತಂಬೂರಿ ಮಾಡುವುದನ್ನು ಕಲಿತರು. ಅವರಲ್ಲಿ ಫರೀದಸಾಹೇಬರ ಹೆಸರು ಮೊದಲು ಬರುತ್ತದೆ. ಇಂದಿಗೂ ಅವರ ವಂಶದವರು, ಅವರಲ್ಲಿ ಕಲಿತವರು ಆ ಕೆಲಸ ಮಾಡುತ್ತಿದ್ದಾರೆ. 2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ತಂಬೂರಿಯ ಬುಡದ ದೊಡ್ಡ ಬುರುಡೆ ಕುಂಬಳದ ಜಾತಿಯ ಕಾಯಿ. ಅದನ್ನು ಬೆಳೆಯುವವರು ಪಂಢರಪುರದ ಕಡೆಯ, ಭೀಮಾ ದಂಡೆಯ ಒಕ್ಕಲಿಗರು. ಬಳ್ಳಿಯಲ್ಲಿ ಚೆನ್ನಾಗಿ ಬಲಿತು, ತಿಂಗಳುಗಟ್ಟಲೆ ಒಣಗಿ, ಒಳಗಿನ ಬೀಜ ಗಲಗಲ ಎನ್ನುವಂತಾದ ಮೇಲೆ ಅದು ಕುಶಲಕರ್ಮಿಯ ಕೈಗೆ ಬರುತ್ತದೆ. ಅದನ್ನು ಕೊಯ್ದು, ನೆನೆಸಿ, ಆಕಾರಕ್ಕೆ ತಂದು, ತೂನ್ ಮರದ ದಂಡಿಗೆ ಕೂಡಿಸುತ್ತಾರೆ. ಕೊನೆಯ ಕೆಲಸ ಜವಾರಿ. ತಂತಿ ಹಾಯ್ದುಹೋಗುವ ಕುದುರೆಯ ಮೇಲ್ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ಕಿವಿಗೊಟ್ಟು ಕೇಳಿ, ಮತ್ತೆ ಉಜ್ಜಿ ತಂತಿಯ ನಾದ ತುಂಬಿ ಬರುವಂತೆ ಮಾಡುವುದು. ಒಂದು ಎಳೆ ಹೆಚ್ಚು ಉಜ್ಜಿದರೆ ಮತ್ತೆ ಮೊದಲಿನಿಂದ ಹದಗೊಳಿಸಬೇಕು. ತಂತಿಯ ಕೆಳಗೆ ಇಡುವ ನೂಲಿನ ಎಳೆಗೆ 'ಜೀವಾ' ಎನ್ನುತ್ತಾರೆ. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿ ಮಾತಾಡುತ್ತದೆ.

ಇದನ್ನು ಯಾವ ಪುಸ್ತಕದಿಂದ ಕಲಿಯಲು ಸಾಧ್ಯ? ಹುಡುಗನೊಬ್ಬ ಅಂಗಡಿಯಲ್ಲಿ ಕೂತು, ಮೊದಲು ಕಸ ಗುಡಿಸಿ, ಆಮೇಲೆ ಪಾಲಿಶ್ ಮಾಡಿ, ಆಮೇಲೆ ಖುಂಟಿ ಕೆತ್ತಿ, ಕೆಲವು ವರ್ಷಗಳ ಮೇಲೆ ಜವಾರಿಗೆ ಕೈ ಹಾಕುತ್ತಾನೆ. ಅಂಥ ಒಬ್ಬ ಕೆಲಸಗಾರ ಶಿಷ್ಯನಿಲ್ಲದೆ ಕಣ್ಣು ಮುಚ್ಚಿದರೆ, ಅವನ ಕೈಯಲ್ಲಿದ್ದ ವಿದ್ಯೆಯೂ ಅವನೊಂದಿಗೇ ಹೋಗುತ್ತದೆ. ನಮ್ಮ ಊರುಗಳ ಕರಡಿ ಮಜಲಿನ ಮೇಳದವರು, ಡೊಳ್ಳಿಗೆ ಚರ್ಮ ಬಿಗಿಯುವವರು, ಹಾರ್ಮೋನಿಯಮ್ ರಿಪೇರಿ ಮಾಡುವವರು, ಕಂಬಳಿ ನೇಯುವವರು, ಪಲ್ಲಕ್ಕಿಯ ಕೆತ್ತನೆ ಬಲ್ಲ ಬಡಿಗೇರರು ಎಲ್ಲರದೂ ಇದೇ ಸ್ಥಿತಿ. ಕಲಾ ಶಾಲೆ ಎಂದರೆ ಹಾಡು ಮಾತ್ರವಲ್ಲ. ಈ ಕೈಗಳೂ ಅಲ್ಲಿ ಗುರುಸ್ಥಾನದಲ್ಲಿ ಕೂಡ್ರಬೇಕು. ಕಾಯಕವನ್ನು ನಂಬಿದ ಸಮಾಜ ನಮ್ಮದು. ಉಳಿ ಹಿಡಿದವನಿಗೆ ಕೆಳಗಿನ ಚಾಪೆ, ಭಾಷಣ ಮಾಡುವವನಿಗೆ ಮೇಲಿನ ಕುರ್ಚಿ ಎಂಬುದು ನಮಗೆ ಶೋಭಿಸುವುದಿಲ್ಲ.

ಐದು: ಖರ್ಚು ಹೇಗೆ ತೂಗಿಸಿದರು

ಮತ್ತೆ ಗದಗಿಗೆ ಬರೋಣ. ಫೀ ಇಲ್ಲ, ಊಟ ವಸತಿ ಎಲ್ಲ ಆಶ್ರಮದ್ದೇ. ಹಾಗಾದರೆ ಹಣ ಎಲ್ಲಿಂದ?

ಪಂಚಾಕ್ಷರ ಗವಾಯಿಗಳು ಊರೂರು ತಿರುಗಿ ಹಾಡಿ ಬಂದ ಕಾಣಿಕೆಯಿಂದ, ಭಕ್ತರ ಭಿಕ್ಷೆಯಿಂದ ಮಕ್ಕಳನ್ನು ಸಾಕಿದರು. ಆಶ್ರಮದ ಆಧಾರಕ್ಕೆ ನಾಟಕ ಕಂಪನಿಯೂ ಆಯಿತು. ಕಲಿತ ಮಕ್ಕಳಿಗೆ ರಂಗದ ಮೇಲೆ ಕೆಲಸ, ಬಂದ ಹಣದಿಂದ ಕಲಿಯುವ ಮಕ್ಕಳಿಗೆ ಅನ್ನ. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಈ ಭಾರವನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಅವರೂ ಹಾನಗಲ್ಲ ತಾಲೂಕಿನವರೇ, ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದವರು, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಮ್, ತಬಲಾ, ಸಾರಂಗಿ, ಪಿಟೀಲು ಮುಂತಾಗಿ ಅನೇಕ ವಾದ್ಯ ಬಲ್ಲವರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ಬರೆದವರು. ತಾವೇ ನಾಟಕ ಬರೆದರು, ಕಲಿಸಿದರು, ಆಡಿಸಿದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂಡಿಸಿ ನಾಣ್ಯಗಳ ತುಲಾಭಾರ ಮಾಡಿದ್ದು ಎಷ್ಟು ಸಲವೋ. ಆ ಹಣವೆಲ್ಲ ಮಕ್ಕಳ ದಾಸೋಹಕ್ಕೆ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಲೆಕ್ಕ ಹಾಕಿ: 1944ರಿಂದ 2010, ಅರವತ್ತಾರು ವರ್ಷ ಒಬ್ಬ ಗುರು ಒಂದೇ ಗಾದಿಯ ಮೇಲೆ ಕೂತು ಕಲಿಸಿದರು.

ವ್ಯಾಪಾರಸ್ಥ ಭಕ್ತರಿಗೆ ತಿಳಿಯುವಂತೆ ಒಂದು ಲೆಕ್ಕ ಹೇಳುತ್ತೇವೆ. ಊರಿನವರು 10 ಲಕ್ಷ ರೂಪಾಯಿ ಕೂಡಿಸಿದ್ದಾರೆ ಎಂದು ಹಿಡಿಯೋಣ. ಅದರಿಂದ ಕಟ್ಟಡ ಕಟ್ಟಿದರೆ, ವರ್ಷಕ್ಕೆ ಶೇಕಡಾ 10ರಂತೆ ಸವಕಳಿ ಕಳೆಯುತ್ತ ಬಂದಾಗ ಮೊದಲ ವರ್ಷದ ಕೊನೆಗೆ ಪುಸ್ತಕದ ಬೆಲೆ 9 ಲಕ್ಷ, ಎರಡನೆಯ ವರ್ಷ 8 ಲಕ್ಷ 10 ಸಾವಿರ, ಏಳನೆಯ ವರ್ಷದ ಕೊನೆಗೆ 4 ಲಕ್ಷ 78 ಸಾವಿರದ ಆಸುಪಾಸು. ಸುಣ್ಣ, ಕರೆಂಟು, ಸೋರುವ ಮಾಳಿಗೆಯ ಖರ್ಚು ಬೇರೆ. ಒಳಗೆ ಕಲಿಸುವವರಿಲ್ಲದಿದ್ದರೆ ಮದುವೆಗೆ ಬಾಡಿಗೆ ಕೊಡುವ ಹಾಲ್ ಆಗುತ್ತದೆ, ಇಲ್ಲವೇ ಜೋಳದ ಚೀಲ ಇಡುವ ಗೋದಾಮು ಆಗುತ್ತದೆ.

ಅದೇ 10 ಲಕ್ಷವನ್ನು ಬ್ಯಾಂಕಿನಲ್ಲಿ ಮುದ್ದತ್ತಿನ ಠೇವಣಿ ಇಟ್ಟು, ಬಡ್ಡಿ ಶೇಕಡಾ 6 ಎಂದು ಹಿಡಿದರೂ ವರ್ಷಕ್ಕೆ 60 ಸಾವಿರ, ತಿಂಗಳಿಗೆ 5 ಸಾವಿರ ರೂಪಾಯಿ. ಇದು ಒಬ್ಬ ಗುರುವಿನ ಸಂಸಾರಕ್ಕೆ ಪೂರ್ತಿ ಸಾಲದು ಎಂಬುದು ನಮಗೆ ಗೊತ್ತು. ಆದರೆ ವಾರಕ್ಕೆ ಎರಡು ಸಂಜೆ ಮಠದ ಪಡಸಾಲೆಯಲ್ಲಿ ಪಾಠ ಹೇಳುವ ಒಬ್ಬ ತಬಲಾ ಮಾಸ್ತರರಿಗೆ ಗೌರವದ ಸಂಭಾವನೆ ಕೊಡಲು ಸಾಕು. ಸುಗ್ಗಿಯಲ್ಲಿ ಒಕ್ಕಲಿಗ ಭಕ್ತರು ಕಾಳುಕಡಿ ಕೊಟ್ಟರೆ, ಪೇಟೆಯ ಭಕ್ತರು ತಿಂಗಳಿಗಿಷ್ಟು ಎಂದು ವಂತಿಗೆ ಹಾಕಿದರೆ ಅದು ಇನ್ನೂ ಬೆಳೆಯುತ್ತದೆ. ಬೆಲೆ ಏರಿದಂತೆ ಬಡ್ಡಿಯ ಹಣ ಸಣ್ಣದಾಗುತ್ತದೆ. ಆದ್ದರಿಂದ ಪ್ರತಿವರ್ಷ ಅಸಲಿಗೆ ಸ್ವಲ್ಪವಾದರೂ ಸೇರಿಸುತ್ತ ಹೋಗಬೇಕು.

ಕಟ್ಟಡ ಬೇಡವೆಂದು ನಾವು ಹೇಳುತ್ತಿಲ್ಲ. ಮಕ್ಕಳು ಹೆಚ್ಚಾದರೆ, ವಾದ್ಯಗಳಿಗೆ ಮಳೆ ಬಿಸಿಲಿನಿಂದ ರಕ್ಷಣೆ ಬೇಕಾದರೆ, ದೂರದ ಮಕ್ಕಳು ಉಳಿಯಬೇಕಾದರೆ ಕಟ್ಟಡ ಬೇಕೇ ಬೇಕು. ಗದಗಿನಲ್ಲೂ ಕಟ್ಟಿದರು. ಆದರೆ ಹೊಲಕ್ಕೆ ಬೀಜ ಎಲ್ಲಿಂದ ಎಂದು ಯೋಚಿಸದೆ ಕಣಜ ಕಟ್ಟುವವನನ್ನು ನಾವು ಒಕ್ಕಲಿಗ ಎನ್ನುವುದಿಲ್ಲ.

ಆರು: ಕಲಿತವನು ಕಲಿಸುವವನಾಗಬೇಕು

ಬಸವರಾಜ ರಾಜಗುರು ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಗವಾಯಿಗಳ ಆಸರೆಗೆ ಬಂದವರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ಅವರು ದೊಡ್ಡ ಸಭೆಯ ಮುಂದೆ ಹಾಡಿದರು. ಆಗ ತಬಲಾ ಸಾಥಿಗೆ ಕೂತವರು ಸ್ವತಃ ಪಂಚಾಕ್ಷರ ಗವಾಯಿಗಳು. ಗುರು ಪಕ್ಕದಲ್ಲಿ ಕೂತು ಠೇಕಾ ಹಿಡಿದ, ಶಿಷ್ಯ ನಡುವೆ ಕೂತು ಹಾಡಿದ. ಶಿಷ್ಯನನ್ನು ಮುಂದೆ ಕೂಡಿಸಲು ಗುರು ಅಳುಕದ ಕಡೆ ವಿದ್ಯೆ ಬೆಳೆಯುತ್ತದೆ.

ಅದೋನಿ, ರಾಯದುರ್ಗದ ಭಕ್ತರಿಗೆ ನೆರೆಯ ಬಳ್ಳಾರಿ ಜಿಲ್ಲೆಯ ಒಂದು ಉದಾಹರಣೆ ಹೇಳಬೇಕು. ಪಂಡಿತ ವೆಂಕಟೇಶಕುಮಾರ ಅವರು ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದವರು. ಮನೆತನದಲ್ಲಿ ಜಾನಪದ ಹಾಡು, ತೊಗಲು ಗೊಂಬೆಯಾಟ. ಸೋದರಮಾವ, ಗೊಂಬೆಯಾಟದ ಹೆಸರಾಂತ ಕಲಾವಿದ ಬೆಳಗಲ್ಲು ವೀರಣ್ಣನವರು ಹುಡುಗನನ್ನು 1968ರಲ್ಲಿ ಗದಗಿಗೆ ಕರೆತಂದು ಬಿಟ್ಟರು. ಹನ್ನೆರಡು ವರ್ಷ ಪುಟ್ಟರಾಜ ಗವಾಯಿಗಳ ಬಳಿ ಕಲಿತರು. ಆಮೇಲೆ ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ತಾವೇ ಪಾಠ ಹೇಳಿದರು. 2016ರಲ್ಲಿ ಪದ್ಮಶ್ರೀ ಬಂತು. ಒಬ್ಬ ಕಲಾವಿದ ಮಾವನ ಕಣ್ಣು ಹುಡುಗನ ಕಂಠವನ್ನು ಗುರುತಿಸದಿದ್ದರೆ, ಫೀ ಕೇಳದ ಒಂದು ಶಾಲೆ ಇರದಿದ್ದರೆ, ಈ ಕಂಠ ನಮಗೆ ಕೇಳಿಸುತ್ತಿತ್ತೇ?

ಹೆಸರು ಬಂದವರು ಕೆಲವರು. ಹೆಸರು ಬಾರದವರು ಅವರಿಗಿಂತ ಎಷ್ಟೋ ಪಟ್ಟು. ಆಶ್ರಮದಲ್ಲಿ ಕಲಿತು, ಹಳ್ಳಿಯ ಶಾಲೆಯಲ್ಲಿ ಸಂಗೀತ ಮಾಸ್ತರರಾದವರು, ಪುರಾಣ ಪ್ರವಚನಕ್ಕೆ ಹಾರ್ಮೋನಿಯಮ್ ಹಿಡಿಯುವವರು, ಕೀರ್ತನಕಾರರಿಗೆ ತಬಲಾ ಸಾಥಿ ಕೊಡುವವರು; ನಮ್ಮ ಮಠದ ಶ್ರಾವಣದ ಪುರಾಣಕ್ಕೆ ಬರುವವರಲ್ಲೂ ಗದಗಿನ ಪಾಠ ಪಡೆದವರಿರುತ್ತಾರೆ. ಕೈಯೊಡ್ಡಬೇಕಾಗಿದ್ದ ಮಗು ತನ್ನ ಕಾಯಕದ ಮೇಲೆ ಸಂಸಾರ ನಡೆಸುತ್ತದೆ. ಇದೇ ಆಶ್ರಮದ ನಿಜವಾದ ಗಳಿಕೆ.

ನಮ್ಮ ಊರಲ್ಲಿ ಈಗ ಮಾಡಬಹುದಾದದ್ದು

ಮೊದಲು ಒಂದು ಯಾದಿ ಮಾಡಿರಿ. ನಿಮ್ಮ ಊರು, ಸುತ್ತಲಿನ ಐದು ಊರು ಸೇರಿ ಹಾಡು, ವಾದ್ಯ, ಆಟ, ಕೈಕಸುಬು ಬಲ್ಲವರು ಯಾರಿದ್ದಾರೆ, ವಯಸ್ಸೆಷ್ಟು, ಅವರಲ್ಲಿ ಕಲಿಯುತ್ತಿರುವವರು ಇದ್ದಾರೆಯೇ ಎಂದು ಬರೆಯಿರಿ. ಜಾತಿಯ ಕಾಲಂ ಹಾಕಬೇಡಿರಿ. ಅರವತ್ತು ದಾಟಿ ಶಿಷ್ಯರಿಲ್ಲದವರ ಹೆಸರಿನ ಮುಂದೆ ಗುರುತು ಮಾಡಿರಿ. ಅವರ ಮನೆಗೇ ಮೊದಲು ಹೋಗಬೇಕು.

ಎರಡನೆಯದು, ಜಾಗ ಹುಡುಕಬೇಡಿರಿ. ಮಠ, ಗುಡಿ, ಶಾಲೆಯ ಕೋಣೆ, ಯಾರದೋ ಪಡಸಾಲೆ ಯಾವುದಾದರೂ ಸರಿ. ವಾರಕ್ಕೆ ಎರಡು ಸಂಜೆ ಗೊತ್ತು ಮಾಡಿ ತಪ್ಪದೆ ನಡೆಸಿರಿ. ಐದು ಮಕ್ಕಳಿದ್ದರೂ ಸಾಕು. ಅಂಧ ಮಗು, ಅಂಗವಿಕಲ ಮಗು ಊರಲ್ಲಿದ್ದರೆ ಮೊದಲ ಚಾಪೆ ಅದಕ್ಕೆ. ಹೆಣ್ಣುಮಕ್ಕಳನ್ನು ಬಿಡಬೇಡಿರಿ.

ಮೂರನೆಯದು, ಗುರುವಿನ ಸಂಭಾವನೆ ತಿಂಗಳ ಮೊದಲ ವಾರ ಅವರ ಕೈ ಸೇರಬೇಕು. ಜಾತ್ರೆಯಲ್ಲಿ ಶಾಲು ಹೊದಿಸಿ, ವರ್ಷವಿಡೀ ಮರೆಯುವುದು ಸನ್ಮಾನವಲ್ಲ. ಜಮಾ ಖರ್ಚು ಬರೆದು ಯುಗಾದಿಗೊಮ್ಮೆ ಎಲ್ಲರ ಮುಂದೆ ಓದಿರಿ.

ಕೂಡಿ ವಿಚಾರ ಮಾಡಲು ಪ್ರಶ್ನೆಗಳು

1. ನಮ್ಮ ಊರಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಶಿಷ್ಯರಿಲ್ಲದೆ ಹೋದ ವಿದ್ಯೆ ಯಾವುದು?
2. ಪಂಚಾಕ್ಷರ ಗವಾಯಿಗಳಿಗೆ ಎರಡು ಪದ್ಧತಿಗಳಲ್ಲೂ ಪಾಠ ಕೊಡಿಸಿದ್ದರಿಂದ ಮುಂದಿನ ಶಿಷ್ಯರಿಗೆ ಆದ ಲಾಭವೇನು?
3. ಬೇರೆ ಜಾತಿಯ, ಬೇರೆ ಭಾಷೆಯ ಗುರುವನ್ನು ಕರೆತರಲು ನಮ್ಮಲ್ಲಿ ಅಡ್ಡಿಯಿದೆಯೇ? ಇದ್ದರೆ ಅದು ಯಾರ ಮನಸ್ಸಿನಲ್ಲಿದೆ?
4. ನಾವು ಕೊಟ್ಟ ದಾನದಲ್ಲಿ ಕಲ್ಲಿಗೆ ಎಷ್ಟು ಹೋಯಿತು, ಕಲಿಸುವವರಿಗೆ ಎಷ್ಟು ಹೋಯಿತು?
5. ಇಂದು ಕಲಿಯಲು ಕೂಡ್ರುವ ಮಗು ಇಪ್ಪತ್ತು ವರ್ಷಗಳ ಮೇಲೆ ಕಲಿಸಲು ಕೂಡ್ರಬೇಕಾದರೆ ನಾವು ಏನು ಮಾಡಬೇಕು?

ಶ್ರಾವಣದ ಒಳಗೆ ನಿಮ್ಮ ಊರಿನ ಯಾದಿಯನ್ನು ಮಠದ ಕಾರ್ಯಾಲಯಕ್ಕೆ ತಲುಪಿಸಿರೆಂದು ಪ್ರಾರ್ಥನೆ. ಹಣದ ಮಾತು ಆಮೇಲೆ. ಮೊದಲು ಹೆಸರುಗಳು ಬರಲಿ.



— ಕಾರ್ಯದರ್ಶಿ